ತಲೆ ಮುಟ್ಟಿದ ಕಾಗೆ

ಬೈಲಹೊಂಗಲ
೯ ಫೆಬ್ರುವರಿ ೨೦೨೫, ಭಾನುವಾರ

ಚಿರಂಜೀವಿ ತಮ್ಮ ಕಾಂತೇಶನಿಗೆ,

ಚಿರಂಜೀವಿ ಎಂದು ಬರೆಯುವಾಗ ಈ ಸಲ ಪೆನ್ನು ಒಂದು ಗಳಿಗೆ ನಿಂತಿತು. ಹೋದ ತಿಂಗಳು ಸತ್ತವನಿಗೆ ಹಾಗೆ ಬರೆಯಬಹುದೋ ಬಾರದೋ ನನಗೆ ತಿಳಿಯಲಿಲ್ಲ. ಇರಲಿ, ರೂಢಿ ಬಿಡಬಾರದು. ನಿನ್ನ ಸಕ್ಕರೆ ಎಷ್ಟರಲ್ಲಿದೆ? ಗುಳಿಗೆಯನ್ನು ಊಟಕ್ಕೆ ಮೊದಲು ನುಂಗುತ್ತೀಯೋ, ಇಲ್ಲಾ ಉಂಡು ಕೈ ತೊಳೆದ ಮೇಲೆ ನೆನಪಾಗುತ್ತದೋ? ನಿನ್ನ ಮನೆಯಾಕೆ ರೇಣುವಿನ ಮೊಣಕಾಲು ನೋವು ಇಳಿಯಿತೇ? ನಿಮ್ಮ ಮಗಳು ಸಂಘಮಿತ್ರಾ ಧಾರವಾಡದ ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆಂದು ಹೇಳುತ್ತಾಳೆ, ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ನನ್ನದು ಕೇಳುವುದಾದರೆ, ಸಾಲಿಯಿಂದ ನಿವೃತ್ತಿಯಾದ ಮೇಲೆ ಗಂಟಲೊಂದನ್ನು ಬಿಟ್ಟು ಎಲ್ಲ ಚೆನ್ನಾಗಿದೆ. ಬೈಯಲು ಮಕ್ಕಳಿಲ್ಲದೆ ಗಂಟಲು ಕಟ್ಟಿಕೊಂಡಿದೆ. ಅದನ್ನು ಸಡಿಲ ಮಾಡಿಕೊಳ್ಳುವುದಕ್ಕಾಗಿಯೇ ಇವತ್ತು ನಿನಗೆ ಬರೆಯಲು ಕುಳಿತಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನಡುನಡುವೆ ನಿನ್ನ ಬಾಯಿ ಬರುತ್ತದೆ. ಕಾಗದಕ್ಕೆ ಬಾಯಿಲ್ಲ, ಪೂರ್ತಿ ಕೇಳಿಸಿಕೊಳ್ಳಲೇಬೇಕು.

ವಿಷಯ ನಿನಗೆ ಗೊತ್ತೇ ಇದೆ. ಬನದ ಹುಣ್ಣಿಮೆ ಮುಗಿದ ವಾರ, ನಾನು ತೊಗರಿ ಕಾಳು ಹಸನು ಮಾಡುತ್ತ ಕುಳಿತಿದ್ದಾಗ, ನಿನ್ನ ಅಂಗಡಿಯಲ್ಲಿ ಮೋಟರಿಗೆ ತಂತಿ ಸುತ್ತುವ ಮಡಿವಾಳೆಪ್ಪ ಫೋನ್ ಮಾಡಿ, "ಅಕ್ಕೋರ, ಕಾಂತೇಶಣ್ಣ ಹೋದ್ರಿ" ಎಂದವನೇ ಇಟ್ಟುಬಿಟ್ಟ. ತಿರುಗಿ ಹಚ್ಚಿದರೆ ಎತ್ತಲಿಲ್ಲ. ನಿನ್ನದಕ್ಕೆ ಹಚ್ಚಿದೆ, ರೇಣುವಿನದಕ್ಕೆ ಹಚ್ಚಿದೆ, ಯಾರೂ ಎತ್ತಲಿಲ್ಲ. ಸಂಶಯದ ಮುದುಕಿ ಎಂದು ಊರೆಲ್ಲ ಹೆಸರಾದ ನಾನು, ಹಾಲಿನವನ ಹಾಲನ್ನು ಉಗುರಿನ ಮೇಲೆ ಹನಿಸಿ ನೋಡಿಯೇ ಪಾತ್ರೆಗೆ ಹುಯ್ಯಿಸಿಕೊಳ್ಳುವ ನಾನು, ಅವತ್ತು ಒಂದು ಮಾತಿಗೂ ಸಂಶಯ ಪಡಲಿಲ್ಲ ನೋಡು. ಕಾಳಿನ ಮೊರ ಅಲ್ಲೇ ಬಿಟ್ಟು, ಬಾಗಿಲ ಕೀಲಿಯನ್ನು ಎದುರುಮನೆಯ ಚನ್ನವ್ವನ ಕೈಗೆ ಒಗೆದು ಬಸ್ ಹತ್ತಿದೆ. ಯರಗಟ್ಟಿಯ ತನಕ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅಳುವ ಹೆಂಗಸಿಗೂ ಕಂಡಕ್ಟರ್ ಆಧಾರ್ ಕಾರ್ಡ್ ತೋರಿಸು ಅಂದ. ತೋರಿಸಿದರೆ ಫೋಟೋ ನೋಡುತ್ತಾನೆ, ನನ್ನ ಮುಖ ನೋಡುತ್ತಾನೆ, ಇದು ನೀವೇ ಏನ್ರಿ ಅನ್ನುತ್ತಾನೆ! ಯಾರು ಅತ್ತರೂ ಮುಖ ಬೇರೆಯಾಗುತ್ತದೆ. ಅಲ್ಲಿಂದ ರಾಮದುರ್ಗ, ರಾಮದುರ್ಗದಿಂದ ಟಂಟಂ ಆಟೋದಲ್ಲಿ ನಿನ್ನ ತೊರಗಲ್. ಕೋಟೆಯ ಗುಡ್ಡ ಕಣ್ಣಿಗೆ ಬಿದ್ದಾಗ ಎಲ್ಲಮ್ಮನಿಗೆ ಕೈ ಮುಗಿದು ಏನೇನು ಹರಕೆ ಹೊತ್ತೆನೋ ನನಗೇ ನೆನಪಿಲ್ಲ.

ಬಂದು ನೋಡಿದರೆ ನೀನು ಕಟ್ಟೆಯ ಮೇಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಗಡ್ಡ ಬೋಳಿಸಿಕೊಂಡು ಕುಳಿತಿದ್ದೆ. ರೇಣು ಓಡಿಬಂದು, "ಅಕ್ಕಾರ, ಗಾಬರಿ ಆಗಬ್ಯಾಡ್ರಿ, ಇವರ ತಲಿಗೆ ಕಾಗಿ ಮುಟ್ಟಿತ್ರಿ, ಅದಕ್ಕ ಸುದ್ದಿ ಕಳಿಸಿದ್ವಿ" ಅಂದಳು. ನಮ್ಮ ಕಡೆಯ ಪದ್ಧತಿ ನನಗೆ ಹೊಸದಲ್ಲ. ಕಾಗೆ ತಲೆ ಮುಟ್ಟಿದರೆ ಆ ಮನುಷ್ಯ ಸತ್ತನೆಂದು ಬಳಗಕ್ಕೆ ಸುಳ್ಳು ಸುದ್ದಿ ಕಳಿಸುವುದು, ಬಳಗ ಅತ್ತರೆ ಬರುವ ಸಾವು ಬಂದು ಹೋಯಿತೆಂದು ತಿಳಿಯುವುದು, ಆಮೇಲೆ ನಿಜ ಹೇಳುವುದು. ಅಪ್ಪನಿಗೆ ಒಮ್ಮೆ ಕಾಗೆ ಮುಟ್ಟಿದಾಗ ಯಲ್ಲವ್ವ ಅತ್ತೆ ಕಿತ್ತೂರಿನಿಂದ ಬಾಯಿ ಬಡಿದುಕೊಳ್ಳುತ್ತ ಬಂದು, ಅಪ್ಪ ಬೀಡಿ ಸೇದುತ್ತ ಕುಳಿತದ್ದು ಕಂಡು, ಕಾಲಿನ ಚಪ್ಪಲಿ ತೆಗೆದುಕೊಂಡು ಅವನನ್ನು ಅಂಗಳದ ತುಂಬ ಅಟ್ಟಾಡಿಸಿದ್ದು ನಿನಗೂ ನೆನಪಿರಬೇಕು. ನನಗೂ ಚಪ್ಪಲಿಯೇ ನೆನಪಾಯಿತು. ಆದರೆ ಬಗ್ಗಿ ತೆಗೆಯಲಿಲ್ಲ. ಹೊಸ್ತಿಲ ಹೊರಗೇ ನಿಂತು, "ಇನ್ನ ನೀ ಖರೇನ ಸತ್ತರೂ ನಾ ನಂಬಂಗಿಲ್ಲ, ಬರಂಗಿಲ್ಲ" ಎಂದು ಹೇಳಿ, ರೇಣು ಹಿಡಿದುಕೊಂಡು ಬಂದ ನೀರನ್ನೂ ಮುಟ್ಟದೆ ಅದೇ ಟಂಟಂ ಹತ್ತಿ ತಿರುಗಿ ಬಂದೆ. ನೀನು ಮಾತಾಡದೆ ಕುಳಿತದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ, ಮೊದಲ ಸಂಶಯ ಬಂದದ್ದು ಅಲ್ಲಿ.

ಎರಡನೆಯದು ತಿರುಗಿ ಬರುವಾಗ ಬಸ್ಸಿನಲ್ಲಿ ಬಂತು. ನೀನು ದೀಕ್ಷೆ ತೆಗೆದುಕೊಂಡು ಬುದ್ಧನ ಹಾದಿ ಹಿಡಿದವನು. ದೇವರ ಜಗುಲಿ ತೆಗೆದು ಅಲ್ಲಿ ಪುಸ್ತಕದ ಕಪಾಟು ಇಟ್ಟವನು. ನಾನು ಸಂಘಮಿತ್ರಾಳ ತೊಟ್ಟಿಲಿಗೆ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಹಿಡಿದು ಬಂದಾಗ, "ಅಕ್ಕಾ, ಅದನ್ನ ಚಟ್ನಿಗರೆ ಹಾಕು, ರುಚಿ ಬರ್ತೈತಿ" ಎಂದು ನಕ್ಕವನು. ಬೆಕ್ಕು ಅಡ್ಡ ಬಂದರೆ ಬೇಕೆಂದೇ ಅದರ ಹಿಂದೆ ಹೋಗುವವನು. ಅಂಥವನಿಗೆ ಕಾಗೆ ಮುಟ್ಟಿದರೇನು, ಹದ್ದು ಮುಟ್ಟಿದರೇನು? ತಲೆ ಕೊಡವಿಕೊಂಡು ಅಂಗಡಿಗೆ ಹೋಗಬೇಕಿತ್ತು. ನೀನು ಆ ಪದ್ಧತಿ ಮಾಡಿದೆ ಅಂದರೆ ಒಂದೋ ನಿನ್ನ ಬುದ್ಧಿ ಕೆಟ್ಟಿದೆ, ಇಲ್ಲವೋ ಹುಟ್ಟಿದಾಗಿನಿಂದ ಕಾಗೆ ಹಾರಿಸಿಕೊಂಡು ಬಂದವನು ಈಗಲೂ ಹಾರಿಸಿದ್ದೀ ಎಂದುಕೊಂಡೆ. ಮನೆಗೆ ಬಂದವಳೇ ಕಿತ್ತೂರಿಗೆ ಫೋನ್ ಹಚ್ಚಿದೆ. ಯಲ್ಲವ್ವ ಅತ್ತೆಗೆ ಕಿವಿ ಮಂದವಾದರೂ ಸಾವಿನ ಸುದ್ದಿ ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಕಾಂತೇಶನ ಸುದ್ದಿ ಏನಾದರೂ ಬಂತೇನು ಅಂದರೆ, "ಯಾಕ, ಅವಂಗೇನಾಗೇತಿ ಧಾಡಿ?" ಅಂದಳು. ಅವಳಿಗೆ ಸುದ್ದಿಯೇ ಹೋಗಿಲ್ಲ! ಮುನವಳ್ಳಿಯ ಬಳಗಕ್ಕೂ ಇಲ್ಲ, ರೇಣುವಿನ ತವರಿಗೂ ಇಲ್ಲ. ಬಳಗವೆಲ್ಲ ಅಳಬೇಕಾದ ಪದ್ಧತಿಯಲ್ಲಿ ಅಳುವ ಗುತ್ತಿಗೆ ನನ್ನೊಬ್ಬಳಿಗೇ ಯಾಕೆ ಬಂತಪ್ಪಾ?

ಇಷ್ಟಕ್ಕೇ ನಿನ್ನನ್ನು ಹಿಡಿಯಬಹುದಿತ್ತು. ಆದರೆ ಕಾಗೆಯ ಕಡೆಯ ಮಾತನ್ನೂ ಕೇಳದೆ ತೀರ್ಮಾನ ಕೊಡಬಾರದೆಂದು, ಅವತ್ತಿನಿಂದ ನನ್ನ ಹಿತ್ತಲ ಗೋಡೆಯ ಮೇಲೆ ಬರುವ ಕಾಗೆಯನ್ನು ನೋಡುತ್ತ ಕುಳಿತೆ. ಎಡಗಾಲಿನ ಒಂದು ಬೆರಳಿಲ್ಲದ ಕಾಗೆ, ಗುರುತು ಹಿಡಿಯುವುದು ಸುಲಭ. ಅದೂ ನನ್ನನ್ನು ನೋಡುತ್ತ ಕುಳಿತಿತು. ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ನೋಡುವುದು, ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡುವುದು. ಮುದುಕಿ ರೊಟ್ಟಿ ಸುಮ್ಮನೆ ಕೊಡುತ್ತಿಲ್ಲ, ಏನೋ ಹಂಚಿಕೆ ಇದೆ ಎಂದು ಅದಕ್ಕೂ ಸಂಶಯ. ರೊಟ್ಟಿ ಹೆಚ್ಚಾದರೆ ಹಂಚಿನ ಸಂದಿಯಲ್ಲಿ ಮುಚ್ಚಿಡುತ್ತದೆ. ಮುಚ್ಚಿಡುವಾಗ ಬೇರೆ ಕಾಗೆ ನೋಡಿತೋ, ಇಟ್ಟ ಹಾಗೆ ಮಾಡಿ ಸುಮ್ಮನಿದ್ದು, ಅದು ಹಾರಿಹೋದ ಮೇಲೆ ತೆಗೆದು ಬೇರೆ ಕಡೆ ಇಡುತ್ತದೆ. ಅವ್ವ ಬೆಲ್ಲದ ಡಬ್ಬಿಯನ್ನು ನಿನ್ನಿಂದ ಮುಚ್ಚಿಡಲು ಹೀಗೇ ಊರೆಲ್ಲ ತಿರುಗಿಸುತ್ತಿದ್ದಳು. ನನ್ನ ಸ್ವಭಾವದವರು ಒಬ್ಬರಾದರೂ ಈ ಓಣಿಯಲ್ಲಿ ಇದ್ದಾರಲ್ಲ ಎಂದು ನನಗೆ ಸಮಾಧಾನವಾಯಿತು.

ಕಾಗೆ ಮನುಷ್ಯರ ಮುಖ ಗುರುತಿಟ್ಟುಕೊಳ್ಳುತ್ತದೆ ಎಂದು ಸಂಘಮಿತ್ರಾ ಒಮ್ಮೆ ಹೇಳಿದ್ದಳು. ಅವಳ ಮಾತನ್ನೂ ಪರೀಕ್ಷೆ ಮಾಡದೆ ಬಿಡಲಿಲ್ಲ. ಚನ್ನವ್ವನಿಗೆ ನನ್ನ ಹಸಿರು ಸೀರೆ ಉಡಿಸಿ, ನನ್ನ ಚಷ್ಮಾ ಹಾಕಿಸಿ, ಕೈಗೆ ರೊಟ್ಟಿ ಕೊಟ್ಟು ಹಿತ್ತಲಿಗೆ ಕಳಿಸಿದೆ. "ಅಕ್ಕೋರ, ನನಗ ಏನೂ ಕಾಣವಲ್ದ್ರಿ, ಭಾವಿಗೆ ಬಿದ್ದರ ನೀವ ಹೊಣಿ" ಎಂದು ಬೈಯುತ್ತ ಹೋದಳು. ಕಾಗೆ ಗೋಡೆ ಬಿಟ್ಟು ಇಳಿಯಲಿಲ್ಲ. ಆಮೇಲೆ ನಾನು ಅವಳ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಹೋದೆ. ಹೋದ ಕೂಡಲೇ ಕಾಲ ಬಳಿ ಇಳಿದು ರೊಟ್ಟಿ ಎತ್ತಿಕೊಂಡಿತು. ಸೀರೆ ಯಾರದಾದರೂ ಉಡು, ಅದು ನೋಡುವುದು ಮುಖವನ್ನು. ಓಣಿಯ ಜನ ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಎಂದರು, ಅನ್ನಲಿ. ಇನ್ನೊಂದು ಮಾತು. ಕಾಗೆ ಮನುಷ್ಯರ ತಲೆಗೆ ಎರಗುವುದು ಗೂಡಿನಲ್ಲಿ ಮರಿ ಇರುವಾಗ, ಬೇಸಿಗೆಯ ಕೊನೆಗೆ, ಮಿರಗದ ಮಳೆಯ ಆಸುಪಾಸಿಗೆ. ಸಂಕ್ರಾಂತಿಯ ಥಂಡಿಯಲ್ಲಿ ಗೂಡೂ ಇಲ್ಲ, ಮರಿಯೂ ಇಲ್ಲ. ಕೆಲಸವಿಲ್ಲದೆ ಕಾಗೆ ಯಾರ ತಲೆಯನ್ನೂ ಮುಟ್ಟುವುದಿಲ್ಲ, ಅದೇನು ನಮ್ಮ ಓಣಿಯ ಪಂಚರಲ್ಲ.

ಆದರೂ ನಿನ್ನ ಪರವಾಗಿ ಒಂದು ವಾದ ಉಳಿದಿತ್ತು. ನಿನ್ನ ಮೇಲೆ ತೊರಗಲ್ಲಿನ ಕಾಗೆಗಳಿಗೆ ಸಿಟ್ಟಿದೆ, ಅವಕ್ಕೆ ಹಂಗಾಮು ಬೇಕಿಲ್ಲ ಎಂದು ನೀನು ಅನ್ನಬಹುದು. ನಿಮ್ಮ ಅಂಗಳದ ಆ ಬೇವಿನ ಗಿಡದ ಮಾತು ನಾನು ಎತ್ತಬಾರದೆಂದಿದ್ದೆ, ಎತ್ತದೆ ಮುಂದೆ ಹೋಗಲಾರೆ. ಅವ್ವ ದಿನಾ ಮಧ್ಯಾಹ್ನ ಮೊದಲ ತುತ್ತು ಆ ಗಿಡದ ಕಾಗೆಗಳಿಗೆ ಇಟ್ಟು ತಾನು ಉಣ್ಣುತ್ತಿದ್ದಳು. ಹಲ್ಲು ಹೋದ ಮೇಲೆ ಕಡಕ್ ರೊಟ್ಟಿಯನ್ನು ತಾಟಿನ ನೀರಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ಕಾಗೆಗಳೂ ರೊಟ್ಟಿಯನ್ನು ಒಯ್ದು ನೀರಿನ ಟಾಕಿಯಲ್ಲಿ ಅದ್ದಿ, ಮೆತ್ತಗಾದ ಮೇಲೆ ತಿನ್ನುತ್ತಿದ್ದವು. ಅವ್ವನನ್ನು ನೋಡಿ ಅವು ಕಲಿತವೋ, ಅವುಗಳನ್ನು ನೋಡಿ ಅವ್ವ ಕಲಿತಳೋ, ಕೇಳಿದರೆ ನಗುತ್ತಿದ್ದಳು. ಅವ್ವ ಹೋದ ಮೇಲೆ ನೀನು, ಟಾಕಿಯ ನೀರು ಹೊಲಸಾಗುತ್ತದೆ ಎಂದೆ, ಸರಿ. ಅಂಗಡಿಯ ತಾಮ್ರದ ತಂತಿ ಕದ್ದು ಗೂಡು ಕಟ್ಟುತ್ತವೆ ಎಂದೆ, ಅದೂ ಸರಿ, ಗೂಡು ಬಿದ್ದಾಗ ನಾನೇ ನೋಡಿದೆ, ಕಡ್ಡಿಗಿಂತ ತಂತಿಯೇ ಹೆಚ್ಚಿತ್ತು. ಟಾಕಿಗೆ ಮುಚ್ಚಳ ಹಾಕಬಹುದಿತ್ತು, ತಂತಿಯನ್ನು ಒಳಗಿಡಬಹುದಿತ್ತು. ನೀನು ಮರಿಗಳಿರುವಾಗಲೇ ಗಿಡ ಕಡಿಸಿದೆ. ಅವು ಅಂಗಳದಲ್ಲಿ ಬಾಯಿ ತೆರೆದು ಬಿದ್ದಿದ್ದವು, ಮೇಲೆ ನೂರಾರು ಕಾಗೆ ಕೂಗುತ್ತಿದ್ದವು, ನಡುವೆ ನಾವಿಬ್ಬರು ಅವಕ್ಕಿಂತ ಜೋರಾಗಿ ಕೂಗುತ್ತಿದ್ದೆವು. "ಈ ಹೊಸ್ತಲಾ ಇನ್ನ ತುಳಿದ್ರ ನಿನ್ನ ಸತ್ತ ಸುದ್ದಿ ಬಂದಾಗ ತುಳೀತೇನಿ" ಎಂದು ನಾನಂದೆ. "ನಾನೂ ಅಷ್ಟ. ನಿನ್ನ ಮನಿಗೆ ಬಂದ್ರ ನಿನಗ ಹೆಗಲ ಕೊಡಾಕ ಬರ್ತೇನಿ" ಎಂದು ನೀನಂದೆ. ಆಡಿದ ಮಾತಿಗೆ ಇಬ್ಬರೂ ಇಷ್ಟು ವರ್ಷ ಗಟ್ಟಿಯಾಗಿ ನಿಂತೆವು. ಅವ್ವ ನಮ್ಮನ್ನು ಹಾಗೆಯೇ ಬೆಳೆಸಿದಳು.

ಹೀಗಿರುವಾಗ ಮೊನ್ನೆ ರೇಣು ಫೋನ್ ಮಾಡಿದಳು. ಅವಳೊಂದಿಗೆ ನನ್ನ ಜಗಳವಿಲ್ಲ, ಮಾತಾಡಿದೆ. ಮೊಣಕಾಲು, ಹಾಸ್ಟೆಲು, ಜೋಳದ ಬೆಳೆ ಎಲ್ಲ ಆದ ಮೇಲೆ ನಾನು ನನ್ನ ಕಾಗೆಯ ಸುದ್ದಿ ಹೇಳಿದೆ. ಕೇಳಿದವಳು ನಿಟ್ಟುಸಿರು ಬಿಟ್ಟು, "ನಿಮ್ಮದ ಬರೋಬರಿ ಐತ್ರಿ ಅಕ್ಕಾರ, ಕಾಗಿ ನಿಮ್ಮ ಕಾಲ ಹತ್ರನ ಬರ್ತಾವ. ಗಿಡಾ ಕಡದ ಮ್ಯಾಲಿಂದ ನಮ್ಮ ಅಂಗಳಕ್ಕ ಒಂದ ಕಾಗೀನೂ ಇಳಿಯವಲ್ದು. ಇವರು ದಿನಾ ರೊಟ್ಟಿ ನೆನಿಸಿ ಇಡತಾರ. ಅವು ದೂರ ತಂತಿ ಮ್ಯಾಲ ಕುಂತ ಇವರನ್ನ ನೋಡ್ತಾವ, ಒದರ್ತಾವ, ಹೋಗ್ತಾವ" ಅಂದಳು. ಪಾಪ, ಅವಳಿಗೆ ತಾನು ಏನು ಹೇಳಿದೆನೆಂದು ತಿಳಿಯಲೇ ಇಲ್ಲ. ಕಾಂತೇಶಾ, ಅಂಗಳಕ್ಕೇ ಇಳಿಯದ ಕಾಗೆ ನಿನ್ನ ತಲೆ ಮುಟ್ಟಿದ್ದು ಹೇಗೆ? ನೆನೆಸಿದ ರೊಟ್ಟಿಯ ಆಸೆಗೂ ಬರದ ಕಾಗೆ ನಿನ್ನ ಬೋಳುತಲೆಯ ಆಸೆಗೆ ಬಂತೇ? ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಯಾವ ಕಾಗೆಯೂ ನಿನ್ನನ್ನು ಮುಟ್ಟಿಲ್ಲ. ಸುಳ್ಳ! ಕಳ್ಳ!

ಹಿಡಿದೆ ಎಂದು ಖುಷಿಯಿಂದ ಫೋನ್ ಇಟ್ಟೆ. ಒಲೆಯ ಮುಂದೆ ಹೋಗಿ ಕುಳಿತೆ. ಆಮೇಲೆ ಆ ಹೊಸ್ತಿಲ ಹೊರಗೆ ನಿಂತು ನಾನು ನೋಡಿಯೂ ನೋಡದೆ ಬಂದದ್ದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಪಡಸಾಲೆಯಲ್ಲಿ ದೊಡ್ಡ ಬುಟ್ಟಿಯ ತುಂಬ ಮಾದ್ಲಿ ಮಾಡಿ ಮುಚ್ಚಿಟ್ಟಿದ್ದಿರಿ, ಬೆಲ್ಲ ಏಲಕ್ಕಿಯ ವಾಸನೆ ಬಾಗಿಲ ತನಕ ಬರುತ್ತಿತ್ತು. ಸಕ್ಕರೆ ರೋಗದವನ ಮನೆಯಲ್ಲಿ ಅಷ್ಟು ಮಾದ್ಲಿ ತಿನ್ನುವವರು ಯಾರು? ಆ ಮನೆಯಲ್ಲಿ ಮಾದ್ಲಿಗೆ ಪ್ರಾಣ ಬಿಡುವವಳು ನಾನೊಬ್ಬಳೇ. ಬೇವಿನ ಬೊಡ್ಡೆಯ ಪಕ್ಕದಲ್ಲಿ ಮುಳ್ಳಿನ ಬೇಲಿ ಕಟ್ಟಿತ್ತು, ಒಳಗೆ ಗೇಣುದ್ದದ ಬೇವಿನ ಸಸಿ ಇತ್ತು. ಗೋಡೆಯ ಮೇಲೆ ಅವ್ವನ ಜರ್ಮನ್ ತಾಟು, ಅದರಲ್ಲಿ ನೀರು, ನೀರಿನಲ್ಲಿ ರೊಟ್ಟಿ. ನಿನ್ನ ಸತ್ತ ಸುದ್ದಿ ಬಂದರೆ ಬರುತ್ತೇನೆ ಎಂದಿದ್ದೆನಲ್ಲ, ನೀನು ಸುದ್ದಿ ಕಳಿಸಿದೆ. ಅಕ್ಕನ ಮಾತೂ ಉಳಿಯಲಿ, ಅವಳು ಹೊಸ್ತಿಲೂ ತುಳಿಯಲಿ ಎಂದು, ನಂಬದ ಪದ್ಧತಿಯನ್ನು ನನ್ನ ಸಲುವಾಗಿ ಹಿಡಿದೆ. ಅಯ್ಯೋ ಹುಚ್ಚಾ! ಬಾಯಿ ಬಿಟ್ಟು "ಅಕ್ಕಾ ಬಾ" ಅನ್ನಲು ನಿನಗೆ ಆಗಲಿಲ್ಲವೇ? ಸಾಯುವುದೇ ಸುಲಭವೆನಿಸಿತೇ?

ಆದರೂ ನಾನು ಬರುವುದಿಲ್ಲ. ಖರೇನೇ ಸತ್ತರೂ ನಂಬುವುದಿಲ್ಲ ಎಂದು ಹೇಳಿ ಬಂದಿದ್ದೇನೆ, ನಿನ್ನ ಕಟ್ಟೆಯ ಮುಂದೆ, ಓಣಿಯವರೆಲ್ಲ ಕೇಳುವ ಹಾಗೆ. ಈಗ ಅದೇ ಮಾತು ನನ್ನ ಎದೆಯ ಮೇಲೆ ಕುಳಿತಿದೆ. ನಿನ್ನ ಸಕ್ಕರೆ ನೆನಪಾಗುತ್ತದೆ, ಅಪ್ಪ ಹೋದ ವಯಸ್ಸು ನೆನಪಾಗುತ್ತದೆ. ನಾಳೆ ಮಡಿವಾಳೆಪ್ಪನ ನಂಬರಿನಿಂದ ಫೋನ್ ಬಂದರೆ ನಾನು ಏನು ಮಾಡಬೇಕು? ನಂಬಿ ಓಡಿಬರಲೋ, ಕಾಳು ಹಸನು ಮಾಡುತ್ತ ಕುಳಿತಿರಲೋ? ನನಗೆ ಹೆದರಿಕೆಯಾಗುತ್ತದೆ, ಕಾಂತೇಶಾ. ಇದನ್ನು ಫೋನಿನಲ್ಲಿ ಹೇಳಲು ಬರುತ್ತಿರಲಿಲ್ಲ.

ಕಾಗೆಗಳ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ರೊಟ್ಟಿ ಇಟ್ಟು ಅಲ್ಲೇ ನಿಂತು ಅವುಗಳ ಮುಖ ನೋಡಬೇಡ, ಒಳಗೆ ಹೋಗಿಬಿಡು. ಇಳಿಯದಿದ್ದರೂ ನಾಳೆ ಮತ್ತೆ ಇಡು. ಅವತ್ತು ಹುಟ್ಟಿರದ ಮರಿಗಳಿಗೂ ದೊಡ್ಡವು ನಿನ್ನ ಮುಖ ತೋರಿಸಿ ಹೇಳಿಕೊಟ್ಟಿರುತ್ತವೆ, ಬೇಗ ಬರುವುದಿಲ್ಲ. ಅವ್ವ ಕಾಯಿಲೆ ಬಿದ್ದಿದ್ದಾಗ ಆ ಗೋಡೆಯ ಮೇಲೆ ರೊಟ್ಟಿ ಇಡುತ್ತಿದ್ದವಳು ನಾನು. ನನ್ನ ಮುಖ ಅವಕ್ಕೆ ಗೊತ್ತು. ನನ್ನ ಜೊತೆಗೆ ನಿನ್ನನ್ನು ಒಂದು ಸಲ ನೋಡಿದರೆ ಅವುಗಳ ಸಂಶಯ ಕಡಿಮೆಯಾದೀತೇನೋ, ನನಗೆ ತಿಳಿಯದು. ನನ್ನದೇ ಕಡಿಮೆಯಾಗಲು ಇಷ್ಟು ದಿನ ಹಿಡಿಯಿತು.

ರೇಣುವಿಗೆ ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ಹಚ್ಚಲು ಹೇಳು. ಅವಳನ್ನು ಬೈಯಬೇಡ, ಅವಳು ಏನೂ ಬಾಯಿ ಬಿಟ್ಟಿಲ್ಲ, ನಾನೇ ಬಿಡಿಸಿದ್ದು. ಸಂಘಮಿತ್ರಾಳಿಗೆ ನನ್ನ ಮುದ್ದು. ಸುಳ್ಳು ಹೇಳಿದ ಮಡಿವಾಳೆಪ್ಪನಿಗೆ ನನ್ನ ಕೈಯ ಒಂದು ಏಟು ಬಾಕಿ ಇದೆಯೆಂದು ತಿಳಿಸು. ನಿನ್ನ ಬುದ್ಧ ನಿನ್ನನ್ನು ಕಾಯಲಿ, ಅವನಿಗೆ ಪುರಸೊತ್ತಿಲ್ಲದಾಗ ನನ್ನ ಎಲ್ಲಮ್ಮ ಕಾಯಲಿ.

ಇಂತಿ ನಿನ್ನ ಅಕ್ಕ,
ಇಂದ್ರವ್ವ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಹಿತ್ತಲಿಗೆ ಹೋಗಿದ್ದೆ. ಕಾಗೆ ನನ್ನ ತಲೆ ಮುಟ್ಟಿತು. ಹೌದು, ಈ ಥಂಡಿಯಲ್ಲೇ. ಹೌದು, ನನ್ನ ಕೈಯ ರೊಟ್ಟಿ ತಿನ್ನುವ ಆ ಬೆರಳಿಲ್ಲದ ಕಾಗೆಯೇ. ಚನ್ನವ್ವ ನೋಡಲಿಲ್ಲ, ಅವಳನ್ನು ಕೇಳಬೇಡ. ಪದ್ಧತಿಯ ಪ್ರಕಾರ ತಿಳಿಸುತ್ತಿದ್ದೇನೆ: ನಿನ್ನ ಅಕ್ಕ ಇಂದ್ರವ್ವ ತೀರಿಕೊಂಡಳು. ಬಳಗದಲ್ಲಿ ಇನ್ನಾರಿಗೂ ಸುದ್ದಿ ಕಳಿಸಿಲ್ಲ, ನಿನಗೊಬ್ಬನಿಗೇ. ಭಾರತ ಹುಣ್ಣಿಮೆಗೆ ಬಸ್ಸೆಲ್ಲ ಎಲ್ಲಮ್ಮನ ಗುಡ್ಡದ ಜನರಿಂದ ತುಂಬಿರುತ್ತವೆ, ಮುಂಜಾನೆ ಬೇಗ ಹೊರಡು. ಗುಳಿಗೆ ಮರೆಯಬೇಡ. ಮಾದ್ಲಿಗೆ ಗೋಧಿ ಬೀಸಿಸಿಕೊಂಡು ಬಂದಿದ್ದೇನೆ, ನಿನಗೆ ಒಂದೇ ಹಿಡಿ ಕೊಡುತ್ತೇನೆ. ಹೆಗಲು ಕೊಡಲು ಬರುತ್ತೇನೆ ಎಂದಿದ್ದೆಯಲ್ಲ, ಬಾ.